ಬೀಜದ ದುಡ್ಡು ಯಾರದು? ಹತ್ತಿ ನಾಡಿನಲ್ಲಿ ಚಳಿಗಾಲದ ಬಟಾಣಿ

ಅಮೆರಿಕದ ಜಾರ್ಜಿಯಾ, ಅಲಬಾಮಾ, ಮಿಸಿಸಿಪಿ, ದಕ್ಷಿಣ ಕೆರೊಲಿನಾ ರಾಜ್ಯಗಳ ಹತ್ತಿ ಹೊಲಗಳಲ್ಲಿ 1930 ಮತ್ತು 40ರ ದಶಕಗಳಲ್ಲಿ ಚಳಿಗಾಲದ ಪೈರೊಂದು ಬೇರೂರಿತು. ‘ಆಸ್ಟ್ರಿಯನ್ ವಿಂಟರ್ ಪೀ’ ಎಂದು ಅಲ್ಲಿನವರು ಕರೆಯುತ್ತಿದ್ದ ಈ ಬಟಾಣಿಯ ಹೂವು ನೇರಳೆ, ಕಾಳು ಸಣ್ಣದು, ಮೈತುಂಬ ಕಂದು ಚುಕ್ಕೆ. ಅದನ್ನು ಕುಯ್ದು ಅಡುಗೆಮನೆಗೆ ಒಯ್ಯುವವರಿರಲಿಲ್ಲ. ಹತ್ತಿ ಬಿಡಿಸುವ ಹೊತ್ತಿಗೆ ಬಿತ್ತಿ, ಚಳಿಗಾಲವೆಲ್ಲ ನೆಲದ ಮೇಲೆ ಹಬ್ಬಲು ಬಿಟ್ಟು, ವಸಂತದಲ್ಲಿ ಕಾಯಿ ಕಟ್ಟುವ ಮೊದಲೇ ಮಣ್ಣಿಗೆ ಉತ್ತು ಸೇರಿಸಿ, ಆಮೇಲೆ ಹತ್ತಿ ಹಾಕುವುದು ಪದ್ಧತಿ. ಸುಮಾರು ಇಪ್ಪತ್ತು ವರ್ಷ ಈ ಹೊದಿಕೆ ಬೆಳೆ ಮೆರೆಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹೊಲಗಳಿಂದ ಬೇಗ ಬೇಗ ಕಾಲ್ತೆಗೆಯಿತು. ಇದನ್ನು ವಿವರಿಸುವಾಗ ಸಾಮಾನ್ಯವಾಗಿ ಹೇಳುವ ಮಾತು ಸರಳ: ವಿಜ್ಞಾನ ಬಟಾಣಿಯನ್ನು ತಂದಿತು, ರಾಸಾಯನಿಕ ಗೊಬ್ಬರ ಅದನ್ನು ಓಡಿಸಿತು. ಕಾಲಾನುಕ್ರಮವನ್ನು ಹತ್ತಿರದಿಂದ ನೋಡಿದರೆ ಈ ಮಾತಿನ ಎರಡು ತುದಿಗಳೂ ಸಡಿಲವಾಗುತ್ತವೆ. ವಿಜ್ಞಾನ ಬಟಾಣಿಗಿಂತ ನಲವತ್ತೈದು ವರ್ಷ ಮೊದಲೇ ಸಿದ್ಧವಾಗಿತ್ತು. ಗೊಬ್ಬರ ಬಂದ ಮೇಲೂ ಬಟಾಣಿಯಂಥ ಬೆಳೆಗಳ ಕಸುವು ಕುಗ್ಗಿರಲಿಲ್ಲ. ಈ ಬೆಳೆಯ ಏಳುಬೀಳನ್ನು ನಿರ್ಧರಿಸಿದ್ದು ಎರಡು ಪ್ರಶ್ನೆಗಳು ಎಂಬುದು ನನ್ನ ವಾದ: ಬೀಜಕ್ಕೆ ದುಡ್ಡು ಹಾಕುವವರು ಯಾರು, ಮತ್ತು ಮುಂದಿನ ವರ್ಷ ಆ ಹೊಲ ಯಾರ ಕೈಯಲ್ಲಿರುತ್ತದೆ?

ಮೊದಲು ಆ ನೆಲದ ಸ್ಥಿತಿ ತಿಳಿಯಬೇಕು. ಅಮೆರಿಕದ ಆಗ್ನೇಯ ಭಾಗದಲ್ಲಿ ಮಳೆ ನಮ್ಮ ಮುಂಗಾರಿನಂತೆ ಒಂದು ಕಾಲಕ್ಕೆ ಕಟ್ಟುಬಿದ್ದದ್ದಲ್ಲ. ಚಳಿಗಾಲದಲ್ಲೂ ಚೆನ್ನಾಗಿ ಸುರಿಯುತ್ತದೆ. ಹತ್ತಿಯಾದರೋ ಸಾಲುಗಳ ನಡುವೆ ಮಣ್ಣನ್ನು ಬರಿದಾಗಿಡುವ ಬೆಳೆ. ಕೊಯ್ಲಾದ ಮೇಲೆ ಉಳಿಯುವುದು ಒಣ ಕಡ್ಡಿ ಮಾತ್ರ. ಹೀಗೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇಳಿಜಾರಿನ ಕೆಂಪು ಹೊಲಗಳು ಮಳೆಗೆ ಬೆನ್ನೊಡ್ಡಿ ಬಿದ್ದಿರುತ್ತಿದ್ದವು. ಪೀಡ್‌ಮಾಂಟ್ ಪ್ರದೇಶದ, ವರ್ಜೀನಿಯಾದಿಂದ ಅಲಬಾಮಾವರೆಗೆ ಹಬ್ಬಿರುವ ದಕ್ಷಿಣ ಭಾಗದಲ್ಲಿ 1700ರಿಂದ 1970ರ ನಡುವೆ ಸರಾಸರಿ ಏಳು ಅಂಗುಲದಷ್ಟು ಮೇಲ್ಮಣ್ಣು ಕೊಚ್ಚಿಹೋಯಿತೆಂದು ಭೂಗೋಳಜ್ಞ ಸ್ಟ್ಯಾನ್ಲಿ ಟ್ರಿಂಬಲ್ ಲೆಕ್ಕಹಾಕಿದ್ದಾರೆ. ಜಾರ್ಜಿಯಾದ ಸ್ಟೂವರ್ಟ್ ಕೌಂಟಿಯಲ್ಲಿರುವ ಪ್ರಾವಿಡೆನ್ಸ್ ಕಣಿವೆಯನ್ನು ಇಂದು ಪ್ರವಾಸಿಗರು ನಿಸರ್ಗದ ಸೊಬಗೆಂದು ನೋಡಲು ಬರುತ್ತಾರೆ. ಅದು ಹತ್ತೊಂಬತ್ತನೇ ಶತಮಾನದ ಬೇಸಾಯ ಕೊರೆದ ಕೊರಕಲು; ಕೆಲವೆಡೆ ಸುಮಾರು 150 ಅಡಿ ಆಳವಿದೆ. ಚಳಿಗಾಲದಲ್ಲಿ ನೆಲಕ್ಕೆ ಹಸಿರು ಹೊದಿಕೆ ಬೇಕು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಆ ಹೊದಿಕೆಗೆ ಬಟಾಣಿ ತಕ್ಕ ಪೈರೆನಿಸಲು ಕಾರಣಗಳಿದ್ದವು. ಅದು ಮೊಳೆಯುವಾಗ ಬೇಳೆಗಳು ಮಣ್ಣಿನೊಳಗೇ ಉಳಿಯುತ್ತವೆ. ಮೇಲಿನ ಕುಡಿ ಹಿಮಕ್ಕೆ ಕರಗಿದರೂ ನೆಲದಡಿಯ ಗೆಣ್ಣಿನಿಂದ ಮತ್ತೆ ಚಿಗುರುತ್ತದೆ. ಬೇರಿನ ಗಂಟುಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತದೆ. ಚೆನ್ನಾಗಿ ಬೆಳೆದ ಬಟಾಣಿ ಎಕರೆಗೆ ಸುಮಾರು 40ರಿಂದ 68 ಕಿಲೋ ಸಾರಜನಕವನ್ನು ತನ್ನ ಮೈಯಲ್ಲಿ ಕೂಡಿಡುತ್ತದೆ. ಎಳೆಯ ಕಾಂಡ ರಸಭರಿತವಾದ್ದರಿಂದ ಉತ್ತ ಕೆಲವೇ ವಾರಗಳಲ್ಲಿ ಕೊಳೆತು ಆ ಸತ್ವ ಹತ್ತಿಯ ಬೇರಿಗೆ ಸಿಗುತ್ತದೆ. ಈ ಗುಣವೇ ಅದರ ಮಿತಿಯೂ ಹೌದು. ಬೇಗ ಕೊಳೆಯುವುದು ಮಣ್ಣಿನಲ್ಲಿ ಬಹುಕಾಲ ಉಳಿಯುವ ಕಪ್ಪು ಹ್ಯೂಮಸ್ಸನ್ನು ಹೆಚ್ಚು ಕಟ್ಟುವುದಿಲ್ಲ. ಅದಕ್ಕಾಗಿ ರೈ, ಓಟ್ಸ್‌ನಂಥ ಹುಲ್ಲುಜಾತಿಯ ಪೈರಿನೊಡನೆ ಬೆರೆಸಿ ಬಿತ್ತಬೇಕು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಇಂಥ ಬೆಳೆ ಇಪ್ಪತ್ತನೇ ಶತಮಾನದ ಮೂರನೇ ದಶಕ ಮುಗಿಯುವವರೆಗೆ ಯಾಕೆ ಕಾಯಬೇಕಾಯಿತು? ವಿಜ್ಞಾನ ತಡವಾಗಿ ಬಂದದ್ದೇ ಕಾರಣವಲ್ಲವೇ? ಅಲ್ಲ. ದ್ವಿದಳ ಬೆಳೆಯನ್ನು ಮಣ್ಣಿಗೆ ಉತ್ತರೆ ನೆಲ ಕಸುವಾಗುತ್ತದೆಂಬುದು ಎರಡು ಸಾವಿರ ವರ್ಷಗಳ ಹಿಂದಿನ ರೋಮನ್ ಬೇಸಾಯ ಲೇಖಕರಿಗೂ ಗೊತ್ತಿತ್ತು. ಯಾಕೆ ಎಂಬುದಕ್ಕೆ ಉತ್ತರ ಹುಡುಕಿದ್ದು ಹತ್ತೊಂಬತ್ತನೇ ಶತಮಾನ. 1838ರ ಸುಮಾರಿಗೆ ಫ್ರಾನ್ಸಿನ ಬೂಸಿಂಗೊ ಬಟಾಣಿ ಮತ್ತು ಕ್ಲೋವರ್ ಗಿಡಗಳಲ್ಲಿ ಸಾರಜನಕ ಹೆಚ್ಚುವುದನ್ನೂ ಗೋಧಿಯಲ್ಲಿ ಹೆಚ್ಚದಿರುವುದನ್ನೂ ಅಳೆದು ತೋರಿಸಿದ. 1857–58ರಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್‌ನಲ್ಲಿ ಲಾಸ್, ಗಿಲ್ಬರ್ಟ್ ಮತ್ತು ಪ್ಯೂ ಅದನ್ನೇ ಇನ್ನಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿ, ಗಿಡಗಳು ಗಾಳಿಯ ಸಾರಜನಕ ಹೀರುವುದಿಲ್ಲವೆಂದರು. ಅವರ ಕೆಲಸ ಅಚ್ಚುಕಟ್ಟಾದದ್ದು. ಆ ಅಚ್ಚುಕಟ್ಟೇ ದಾರಿ ತಪ್ಪಿಸಿತು. ಶುದ್ಧತೆಗಾಗಿ ಮಣ್ಣನ್ನು ಸುಟ್ಟಿದ್ದರಿಂದ ಅದರಲ್ಲಿದ್ದ ಸೂಕ್ಷ್ಮಜೀವಿಗಳೆಲ್ಲ ಸತ್ತಿದ್ದವು. 1886ರಲ್ಲಿ ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ತ್ ಮರಳಿನಲ್ಲಿ ಬೆಳೆದ ಬಟಾಣಿ ಗಿಡಗಳಿಂದಲೇ ಈ ಗೋಜಲು ಬಿಡಿಸಿದರು: ಕೆಲಸ ಮಾಡುವುದು ಬೇರುಗಂಟು, ಗಂಟು ಕಟ್ಟುವುದು ಮಣ್ಣಿನ ಜೀವಿ. ಎರಡೇ ವರ್ಷದಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ. ಅಲ್ಲಿಗೆ ಶಾಸ್ತ್ರದ ಮಟ್ಟಿಗೆ ಉಳಿದದ್ದು ಹೆಚ್ಚೇನಿರಲಿಲ್ಲ.

ಶಾಸ್ತ್ರ ಸಿದ್ಧವಿದ್ದರೂ ರೈತನ ಕೈಗೆ ಸಾಮಗ್ರಿ ಸಿಗಬೇಡವೇ ಎಂದು ಕೇಳಬಹುದು. ಈ ಮಾತಿನಲ್ಲಿ ಹುರುಳಿದೆ. 1904ರ ಹೊತ್ತಿಗೆ ಅಮೆರಿಕದ ಕೃಷಿ ಇಲಾಖೆ ಬೇರುಗಂಟಿನ ಬ್ಯಾಕ್ಟೀರಿಯಾವನ್ನು ಹತ್ತಿಯ ಅರಳೆಯ ಮೇಲೆ ಒಣಗಿಸಿ, ಪೊಟ್ಟಣ ಕಟ್ಟಿ, ರೈತರಿಗೆ ಅಂಚೆಯಲ್ಲಿ ಬಿಟ್ಟಿಯಾಗಿ ಕಳಿಸತೊಡಗಿತು. ಪತ್ರಿಕೆಗಳು ಇದನ್ನು ಪವಾಡವೆಂದು ಹೊಗಳಿದವು. ನ್ಯೂಯಾರ್ಕ್ ರಾಜ್ಯದ ಜಿನೀವಾ ಸಂಶೋಧನಾ ಕೇಂದ್ರ 1905ರಲ್ಲಿ ಪೊಟ್ಟಣಗಳನ್ನು ಪರೀಕ್ಷಿಸಿದಾಗ ಒಣಗಿದ ಅರಳೆಯ ಮೇಲೆ ಜೀವಿಗಳು ಬದುಕಿ ಉಳಿಯುವುದು ಅಪರೂಪವೆಂದು ತಿಳಿಯಿತು. ಹಾಗೆಂದು ದಾರಿ ಮುಚ್ಚಿಹೋಗಿರಲಿಲ್ಲ. ಬಟಾಣಿ ಅಥವಾ ಅದರ ಸೋದರಸಂಬಂಧಿಯಾದ ವೆಚ್ ಚೆನ್ನಾಗಿ ಬೆಳೆದಿದ್ದ ಹಳೆಯ ಹೊಲದ ಮಣ್ಣನ್ನು ಗಾಡಿಯಲ್ಲಿ ತಂದು ಹೊಸ ಹೊಲಕ್ಕೆ ಎರಚುವ ಉಪಾಯ ಬಳಕೆಯಲ್ಲಿತ್ತು. ಜರ್ಮನಿಯ ಪೇಟೆಂಟಿನ ಮೇಲೆ ತಯಾರಾದ ಬೀಜೋಪಚಾರದ ಸರಕೂ ಅಂಗಡಿಯಲ್ಲಿತ್ತು. ತಡವಾದದ್ದಕ್ಕೆ ಕಾರಣವನ್ನು ಪ್ರಯೋಗಾಲಯದ ಹೊರಗೇ ಹುಡುಕಬೇಕು.

ಇದಕ್ಕೆ ಬಲವಾದ ಪುರಾವೆ ಅಲಬಾಮಾದಲ್ಲೇ ಇದೆ. 1896ರಲ್ಲಿ ಜೆ.ಎಫ್. ಡಗ್ಗರ್ ಎಂಬ ಪ್ರಾಧ್ಯಾಪಕ ಆಬರ್ನ್‌ನಲ್ಲಿ ಸುಮಾರು ಒಂದು ಎಕರೆ ನೆಲವನ್ನು 13 ತಾಕುಗಳಾಗಿ ಹಂಚಿ, ಚಳಿಗಾಲದ ದ್ವಿದಳ ಪೈರಿನ ಬಲದಿಂದಲೇ ಹತ್ತಿ ಬೆಳೆಯಬಹುದೇ ಎಂದು ನೋಡಲು ಪ್ರಯೋಗ ಹೂಡಿದ. ‘ಓಲ್ಡ್ ರೊಟೇಷನ್’ ಎಂದು ಹೆಸರಾದ ಆ ತಾಕುಗಳಲ್ಲಿ ಇಂದಿಗೂ ಬೇಸಾಯ ನಡೆದಿದೆ. ನಿರಂತರವಾಗಿ ನಡೆದಿರುವ ಹತ್ತಿ ಪ್ರಯೋಗಗಳಲ್ಲಿ ಜಗತ್ತಿನಲ್ಲೇ ಹಳೆಯದೆಂದು ಅದನ್ನು ಪರಿಗಣಿಸುತ್ತಾರೆ. ಅಲ್ಲಿ ಬಿತ್ತಿದ್ದು ಮುಖ್ಯವಾಗಿ ವೆಚ್ ಮತ್ತು ಕ್ರಿಮ್ಸನ್ ಕ್ಲೋವರ್. ಸಾರಜನಕ ಗೊಬ್ಬರವಾಗಲಿ ದ್ವಿದಳ ಪೈರಾಗಲಿ ಇಲ್ಲದ ತಾಕು ಇಳುವರಿಯಲ್ಲಿ ತೀರಾ ಹಿಂದೆ ಬಿದ್ದಿದೆ. ಚಳಿಗಾಲದಲ್ಲಿ ದ್ವಿದಳ ಪೈರು ಬೆಳೆದು ಉತ್ತ ತಾಕು, ಎಕರೆಗೆ 54 ಕಿಲೋದಷ್ಟು ರಾಸಾಯನಿಕ ಸಾರಜನಕ ಉಂಡ ತಾಕಿಗೆ ಸರಿಸಮನಾಗಿ ಹತ್ತಿ ಕೊಟ್ಟಿದೆ. ಅಂದರೆ ಹೊಲದ ಮಟ್ಟದಲ್ಲಿ ಗೊಬ್ಬರದ ಚೀಲ ಹಸಿರು ಪೈರನ್ನು ಸೋಲಿಸಿಲ್ಲ, ಹೆಚ್ಚೆಂದರೆ ಸರಿಗಟ್ಟಿದೆ. ಇಷ್ಟು ಸ್ಪಷ್ಟ ಉತ್ತರ ವಿಶ್ವವಿದ್ಯಾಲಯದ ಬೇಲಿಯೊಳಗೆ ಇದ್ದಾಗಲೂ ಬೇಲಿಯಾಚೆಯ ಹೊಲಗಳು ಚಳಿಗಾಲದಲ್ಲಿ ಬೋಳಾಗಿಯೇ ಉಳಿದವು. ಯಾಕೆಂದರೆ ಆಬರ್ನ್‌ನ ತಾಕುಗಳಿಗೆ ಬೀಜ ತರುವವರು ಇದ್ದರು, ಮತ್ತು ಮುಂದಿನ ವರ್ಷವೂ ಅವೇ ತಾಕುಗಳು ಅದೇ ಸಂಸ್ಥೆಯ ಕೈಯಲ್ಲಿರುತ್ತಿದ್ದವು.

ಬೀಜದ ಲೆಕ್ಕ ನೋಡೋಣ. ಕೈಯಲ್ಲಿ ಎರಚುವುದಾದರೆ ಬಟಾಣಿ ಎಕರೆಗೆ 40ರಿಂದ 45 ಕಿಲೋ ಬೇಕು. ವೆಚ್ ಆದರೆ 12ರಿಂದ 18 ಕಿಲೋ ಸಾಕು. ಅದಕ್ಕಿಂತ ದೊಡ್ಡ ತೊಡಕೊಂದಿದೆ. ಹೊದಿಕೆಗೆಂದು ಬಿತ್ತಿದ ಬಟಾಣಿಯನ್ನು ಕಾಯಿ ಕಟ್ಟುವ ಮೊದಲೇ ಉಳಬೇಕು. ಬೀಜಕ್ಕೆಂದು ಬಲಿಯಲು ಬಿಟ್ಟರೆ ಬೇಸಿಗೆ ಬರುತ್ತದೆ, ಹತ್ತಿಯ ಬಿತ್ತನೆಯ ಹದ ಕಳೆದುಹೋಗುತ್ತದೆ. ಆದ್ದರಿಂದ ಹತ್ತಿ ಬೆಳೆಯುವವನು ಬಟಾಣಿಯ ಬೀಜವನ್ನು ಮನೆಯಲ್ಲೇ ಮಾಡಿಕೊಳ್ಳುವಂತಿಲ್ಲ. ಪ್ರತಿ ವರ್ಷವೂ ಕೊಳ್ಳಬೇಕು, ಅದೂ ಹಿಂದಿನ ಸಾಲ ಇನ್ನೂ ತೀರದ ಶರತ್ಕಾಲದಲ್ಲಿ. ಅಲ್ಲಿನ ತೇವದ ವಸಂತದಲ್ಲಿ ರೋಗ, ಕಾಳು ಕೊರೆಯುವ ಹುಳುಗಳ ಕಾಟವೂ ಹೆಚ್ಚು. ಒಳ್ಳೆಯ ಬೀಜ ಬಲಿಯಲು ಒಣ ಬೇಸಿಗೆ ಬೇಕು. ಅದು ಇದ್ದದ್ದು ಸಾವಿರಾರು ಕಿಲೋಮೀಟರ್ ಆಚೆಯ ವಾಯವ್ಯದಲ್ಲಿ, ಒರೆಗಾನಿನ ವಿಲಾಮೆಟ್ ಕಣಿವೆಯಲ್ಲಿ ಮತ್ತು ಐಡಾಹೊದ ಉತ್ತರ ಭಾಗದಲ್ಲಿ. ನಮ್ಮ ಒಣಬೇಸಾಯದ ಅವರೆ, ಹುರುಳಿಗಳ ಹಾಗಲ್ಲ ಇದು. ಅವು ನೆಲವನ್ನೂ ಮುಚ್ಚುತ್ತವೆ, ಕಾಳನ್ನೂ ಕೊಡುತ್ತವೆ, ಮುಂದಿನ ವರ್ಷದ ಬೀಜ ಮನೆಯ ಗುಡಾಣದಲ್ಲೇ ಇರುತ್ತದೆ. ಬಟಾಣಿ ಕೊಡುವುದೆಲ್ಲ ಮಣ್ಣಿಗೆ. ಆ ವರ್ಷದ ಊಟಕ್ಕೂ ಇಲ್ಲ, ಸಂತೆಗೂ ಇಲ್ಲ.

ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತವರಲ್ಲಿ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಒಬ್ಬರು. ಡಗ್ಗರ್ ಪ್ರಯೋಗ ಹೂಡಿದ 1896ರಲ್ಲೇ ಕಾರ್ವರ್ ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದ ಟಸ್ಕೀಗಿಗೆ ಬಂದರು. ಗುಲಾಮಗಿರಿಯಿಂದ ಬಿಡುಗಡೆಯಾದರೂ ಸಾಲದಿಂದ ಬಿಡುಗಡೆಯಾಗದ ಕಪ್ಪು ರೈತರಿಗೆ ಅವರು ಹೇಳಿದ ದ್ವಿದಳ ಬೆಳೆಗಳಲ್ಲಿ ಮುಖ್ಯವಾದದ್ದು ಅಲಸಂದೆ. 1903ರ ಸುಮಾರಿಗೆ ಅಲಸಂದೆಯ ಬಗ್ಗೆಯೇ ಒಂದು ಕಿರುಹೊತ್ತಗೆ ಹೊರಟಿತು. ಅಲಸಂದೆಯನ್ನು ತಿನ್ನಬಹುದು, ಹಸುವಿಗೆ ಹಾಕಬಹುದು, ಬೀಜ ಎತ್ತಿಡಬಹುದು, ಉಳಿದದ್ದನ್ನು ಉತ್ತರೆ ಮಣ್ಣಿಗೂ ಸಿಗುತ್ತದೆ. ಕೈಯಲ್ಲಿ ಕಾಸಿಲ್ಲದವನಿಗೆ ಕೊಟ್ಟ ಸರಿಯಾದ ಸಲಹೆ ಅದು. ಆದರೆ ಅಲಸಂದೆ ಬೇಸಿಗೆಯ ಬೆಳೆ. ಹತ್ತಿಯ ಕಾಲದಲ್ಲಿಯೇ ಹತ್ತಿಯ ನೆಲವನ್ನೇ ಅದು ಕೇಳುತ್ತದೆ. ಹತ್ತಿಯ ಮೇಲೆ ಸಾಲ ಕೊಟ್ಟ ಅಂಗಡಿಯವನು ಒಪ್ಪಬೇಕಲ್ಲ! ಚಳಿಗಾಲದ ಕೊಚ್ಚಣೆಯನ್ನು ತಡೆಯಲೂ ಅದು ಇರುವುದಿಲ್ಲ.

ಎರಡನೆಯ ಪ್ರಶ್ನೆ ಗೇಣಿಯದು. 1930ರಲ್ಲಿ ಅಮೆರಿಕದ ದಕ್ಷಿಣದ ರೈತರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗೇಣಿದಾರರು ಅಥವಾ ಬೆಳೆಯ ಪಾಲಿಗೆ ದುಡಿಯುವ ವಾರದವರು. ಕರಾರು ವರ್ಷದ್ದು, ಹತ್ತಿ ಮಾರಿ ಲೆಕ್ಕ ಚುಕ್ತಾ ಆದ ಮೇಲೆ, ವರ್ಷದ ಕೊನೆಯ ಚಳಿಯಲ್ಲೇ ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಬೇರೆ ಜಮೀನಿಗೆ ಹೊರಡುತ್ತಿದ್ದವು. ಬಟಾಣಿ ಬಿತ್ತುವುದು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಅದರ ಫಲ ಕಾಣುವುದು ಮುಂದಿನ ವರ್ಷದ ಹತ್ತಿಯಲ್ಲಿ. ಡಿಸೆಂಬರ್ ಕಳೆದ ಮೇಲೆ ತಾನು ಈ ಹೊಲದಲ್ಲಿರುತ್ತೇನೆಂಬ ಭರವಸೆ ಇಲ್ಲದವನು ಯಾಕೆ ಬಿತ್ತಿಯಾನು? ಅತ್ತ ಒಡೆಯನಿಗೆ ಬೇಕಿದ್ದದ್ದು ಆ ವರ್ಷದ ಹತ್ತಿಯ ಪಾಲು. ಇಬ್ಬರ ಲೆಕ್ಕಕ್ಕೂ ಮಣ್ಣು ಸೇರಲಿಲ್ಲ. ಇದನ್ನು ರೈತರ ಅಜ್ಞಾನ, ಸೋಮಾರಿತನ ಎಂದು ಬೈಯುವವರಿಗೆ ಕೊರತೆಯಿರಲಿಲ್ಲ. ಗೇಣಿದಾರ ಬಿತ್ತದಿರಲು ಬೇರೆ ಅವಗುಣ ಬೇಕಿರಲಿಲ್ಲ. ಕರಾರಿನ ಅವಧಿಯೇ ಸಾಕಾಗಿತ್ತು.

ಈ ಎರಡು ಗಂಟುಗಳಲ್ಲಿ ಒಂದನ್ನು ಬಿಡಿಸಲು ಕೈಹಾಕಿದ್ದು ಸರ್ಕಾರ. ಉತ್ತರ ಕೆರೊಲಿನಾದ ಹತ್ತಿಯ ಮನೆತನದಲ್ಲಿ ಹುಟ್ಟಿದ ಹ್ಯೂ ಹ್ಯಾಮಂಡ್ ಬೆನೆಟ್ ಮಣ್ಣಿನ ಸವಕಳಿ ರಾಷ್ಟ್ರದ ವಿಪತ್ತೆಂದು 1928ರಲ್ಲೇ ಬರೆದಿದ್ದರು. 1935ರ ಏಪ್ರಿಲ್‌ನಲ್ಲಿ ಅವರ ನೇತೃತ್ವದಲ್ಲಿ ಮಣ್ಣು ಸಂರಕ್ಷಣಾ ಇಲಾಖೆ ಶಾಶ್ವತವಾಯಿತು. 1936ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹಳೆಯ ಬೆಳೆ ನಿಯಂತ್ರಣ ಕಾಯ್ದೆಯನ್ನು ರದ್ದು ಮಾಡಿದಾಗ, ರೂಸ್‌ವೆಲ್ಟ್ ಸರ್ಕಾರ ಎರಡೇ ತಿಂಗಳೊಳಗೆ ಮಣ್ಣಿನ ಹೆಸರಿನಲ್ಲಿ ಹೊಸ ಕಾಯ್ದೆ ತಂದಿತು. ಹತ್ತಿಯನ್ನು ನೆಲ ಬರಿದುಮಾಡುವ ಬೆಳೆಯೆಂದೂ ದ್ವಿದಳ ಪೈರು, ಹುಲ್ಲುಗಳನ್ನು ನೆಲ ಕಾಯುವ ಬೆಳೆಗಳೆಂದೂ ವಿಂಗಡಿಸಿ, ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಬೆಳೆದವರಿಗೆ ಹಣ ಕೊಡತೊಡಗಿತು. ಮುಂದೆ ನಗದಿನ ಬದಲು ಚಳಿಗಾಲದ ಬೀಜ, ಸುಣ್ಣ, ಸೂಪರ್‌ಫಾಸ್ಫೇಟನ್ನೇ ಮುಂಗಡವಾಗಿ ಕೊಡುವ ಏರ್ಪಾಟೂ ಬಂತು. ಇದು ಜಾಣ ನಡೆ. ದ್ವಿದಳ ಬೆಳೆಗೆ ಸಾರಜನಕ ಬೇಡದಿದ್ದರೂ ರಂಜಕ ಬೇಕೇ ಬೇಕು. ಹುಳಿಯೇರಿ ಬಡಕಲಾದ ನೆಲದಲ್ಲಿ ಅದಿಲ್ಲದೆ ಬಟಾಣಿ ಏಳುವುದಿಲ್ಲ. ಬೀಜ ಕೊಳ್ಳುವವರು ಗಟ್ಟಿಯಾದೊಡನೆ ವಿಲಾಮೆಟ್ ಕಣಿವೆಯಲ್ಲಿ ಬಟಾಣಿ ಮತ್ತು ವೆಚ್ ಬೀಜದ ಬೇಸಾಯ ದೊಡ್ಡ ಕಸುಬಾಗಿ ಬೆಳೆಯಿತು. ರೈಲು ತುಂಬ ಬೀಜ ದಕ್ಷಿಣಕ್ಕೆ ಹೊರಟಿತು. ಗೇಣಿಯ ಗಂಟು ಮಾತ್ರ ಹಾಗೇ ಉಳಿಯಿತು. ಹಣದ ಹೆಚ್ಚಿನ ಪಾಲು ಒಡೆಯರಿಗೇ ಹೋಯಿತು. ಹತ್ತಿಯ ಎಕರೆ ಇಳಿಸಿದ ಒಡೆಯರು ಎಷ್ಟೋ ವಾರದವರನ್ನು ಜಮೀನಿನಿಂದ ಹೊರಗೂ ಹಾಕಿದರು. ಬಟಾಣಿಯ ಹಸಿರನ್ನು ಮೆಚ್ಚುವಾಗ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಇಳಿಗಾಲ. ಎರಡನೇ ಮಹಾಯುದ್ಧದಲ್ಲಿ ಸಿಡಿಮದ್ದಿಗೆಂದು ಅಮೆರಿಕದ ಸರ್ಕಾರ ಹತ್ತು ಹೊಸ ಅಮೋನಿಯಾ ಕಾರ್ಖಾನೆಗಳನ್ನು ಕಟ್ಟಿಸಿತು. ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೇ ನೈಟ್ರೇಟ್ ಕಾರ್ಖಾನೆ ಎದ್ದಿತ್ತು. 1933ರಿಂದ ಅದು ಟೆನೆಸಿ ಕಣಿವೆ ಪ್ರಾಧಿಕಾರದ ಕೈಯಲ್ಲಿತ್ತು. ಯುದ್ಧ ಮುಗಿದೊಡನೆ ಈ ಸಾಮರ್ಥ್ಯವೆಲ್ಲ ಗೊಬ್ಬರದ ಕಡೆ ತಿರುಗಿತು. ಅದುವರೆಗೆ ಚಿಲಿ ದೇಶದಿಂದ ಹಡಗಿನಲ್ಲಿ ಬರುತ್ತಿದ್ದ ನೈಟ್ರೇಟಿಗೆ ಬದಲಾಗಿ ಅಗ್ಗದ ಅಮೋನಿಯಂ ನೈಟ್ರೇಟ್ ಸಿಕ್ಕಿತು. ರೈತ ತನಗೆ ಅಗ್ಗವಾದದ್ದನ್ನು ಆರಿಸಿಕೊಂಡ, ಇದರಲ್ಲಿ ತಪ್ಪೇನು ಎಂಬುದು ಪ್ರಬಲವಾದ ಆಕ್ಷೇಪ. ರೈತನದು ತಪ್ಪಲ್ಲ. ಚೀಲದ ಗೊಬ್ಬರ ಹದ ಕಾಯಿಸುವುದಿಲ್ಲ, ವಸಂತದ ಉಳುಮೆಯನ್ನು ತಡಮಾಡುವುದಿಲ್ಲ. ಆ ವರ್ಷ ಹಾಕಿದ್ದು ಆ ವರ್ಷವೇ ಕೈಗೆ ಬರುವುದರಿಂದ ವರ್ಷದ ಕರಾರಿಗೂ ಒಗ್ಗುತ್ತದೆ. ಆದರೆ ಆ ಅಗ್ಗದ ಬೆಲೆ ಪೇಟೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ಕಾರ್ಖಾನೆ ಕಟ್ಟುವ ದೊಡ್ಡ ವೆಚ್ಚವನ್ನು ಯುದ್ಧದ ಹೆಸರಿನಲ್ಲಿ ಖಜಾನೆ ಹೊತ್ತಿತ್ತು. ಮೂವತ್ತರ ದಶಕದಲ್ಲಿ ಬಟಾಣಿಯ ಬೆನ್ನಿಗಿದ್ದ ಸರ್ಕಾರದ ದುಡ್ಡು ನಲವತ್ತರ ದಶಕದಲ್ಲಿ ಅಮೋನಿಯಾದ ಬೆನ್ನಿಗೆ ಹೋಗಿತ್ತು. ಇನ್ನೊಂದು ವಿಷಯ: ಚೀಲ ತುಂಬಿಕೊಡುವುದು ಸಾರಜನಕವನ್ನು ಮಾತ್ರ. ಚಳಿಗಾಲದ ಮಳೆಗೆ ಅಡ್ಡ ನಿಲ್ಲುವ ಕೆಲಸಕ್ಕೆ ಪೇಟೆಯಲ್ಲಿ ಬೆಲೆಯೇ ಇರಲಿಲ್ಲವಾದ್ದರಿಂದ ಅದು ಕೈತಪ್ಪಿದ್ದನ್ನು ಯಾವ ಖಾತೆಯೂ ನಷ್ಟವೆಂದು ಬರೆದುಕೊಳ್ಳಲಿಲ್ಲ.

ಬಟಾಣಿಗೆ ತನ್ನದೇ ದೋಷಗಳಿದ್ದವಲ್ಲವೇ? ಇದ್ದವು. ಅದೇ ನೆಲದಲ್ಲಿ ವರ್ಷ ವರ್ಷವೂ ಬಿತ್ತಿದರೆ ಸ್ಕ್ಲೆರೊಟಿನಿಯಾ ಎಂಬ ಬೂಷ್ಟುರೋಗ ನೆಲೆಯೂರಿ ಬುಡ ಕೊಳೆಸುತ್ತದೆ. ನೀರು ನಿಲ್ಲುವ ನೆಲದಲ್ಲಿ ಬೆಳೆ ಸೊರಗುತ್ತದೆ. ಯುದ್ಧಾನಂತರ ಹತ್ತಿಯೇ ಪಶ್ಚಿಮದ ರಾಜ್ಯಗಳತ್ತ ಸರಿಯಿತು, ಹಳೆಯ ಹತ್ತಿ ಗುಡ್ಡಗಳಲ್ಲಿ ಪೈನ್ ಮರ, ಹುಲ್ಲುಗಾವಲು ಬಂದವು ಎಂಬುದೂ ನಿಜ. ಆದರೆ ರೋಗವೊಂದೇ ಕಾರಣವಾಗಿದ್ದರೆ ರೈತರು ವೆಚ್, ಕ್ಲೋವರ್‌ಗಳಿಗೆ ತಿರುಗಬೇಕಿತ್ತು. ಅವುಗಳ ಕೈಯನ್ನೂ ಅದೇ ಕಾಲಕ್ಕೆ ಬಿಟ್ಟರು. ಹತ್ತಿ ಹಿಂದೆ ಸರಿದದ್ದೇ ಕಾರಣವಾಗಿದ್ದರೆ ಹತ್ತಿ ಉಳಿದ ಹೊಲಗಳಲ್ಲಾದರೂ ಹೊದಿಕೆ ಬೆಳೆ ಉಳಿಯಬೇಕಿತ್ತು; ಅಲ್ಲಿಯೂ ಬಹುಪಾಲು ಉಳಿಯಲಿಲ್ಲ. ಬೀಜ ಬೆಳೆಯುತ್ತಿದ್ದ ಒರೆಗಾನಿನಲ್ಲಿಯೂ ಹಾಗೆಯೇ ಆಯಿತು: ಅಲ್ಲಿನ ರೈತರು ಬಟಾಣಿ, ವೆಚ್ ಬಿಟ್ಟು ರೈಗ್ರಾಸ್ ಹುಲ್ಲಿನ ಬೀಜಕ್ಕೆ ತಿರುಗಿದರು. ಕೊಳ್ಳುವವರು ಹೋದ ಮೇಲೆ ಕಸುಬೂ ಹೋಯಿತು.

ಈಗ ಅಮೆರಿಕದಲ್ಲಿ ಹೊದಿಕೆ ಬೆಳೆಗೆ ಮತ್ತೆ ಕಾಲ ಬಂದಿದೆ. ಅಲ್ಲಿನ ಕೃಷಿಗಣತಿಯ ಪ್ರಕಾರ 2012ರಲ್ಲಿ 1.03 ಕೋಟಿ ಎಕರೆಯಲ್ಲಿದ್ದ ಹೊದಿಕೆ ಬೆಳೆ 2017ರಲ್ಲಿ 1.54 ಕೋಟಿಗೆ, 2022ರಲ್ಲಿ ಸುಮಾರು 1.8 ಕೋಟಿಗೆ ಏರಿದೆ. ಇದರ ಹಿಂದೆಯೂ ಬೀಜದ ಖರ್ಚಿಗೆ ಪಾಲು ಕೊಡುವ ಸರ್ಕಾರಿ ಯೋಜನೆಗಳಿವೆ. ಇಷ್ಟಾದರೂ ಅದು ಒಟ್ಟು ಸಾಗುವಳಿ ನೆಲದ ಶೇ 5ರ ಆಸುಪಾಸು. ಆ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಗೇಣಿಯದೆಂದು 2014ರ ಸರ್ಕಾರಿ ಸಮೀಕ್ಷೆ ಹೇಳಿತ್ತು. ಹಳೆಯ ಎರಡು ಪ್ರಶ್ನೆಗಳಲ್ಲಿ ಒಂದಕ್ಕೆ ಅರೆ ಉತ್ತರ ಸಿಕ್ಕಿದೆ, ಇನ್ನೊಂದು ಹಾಗೇ ಇದೆ. ನಮ್ಮಲ್ಲೂ ಇದರ ಛಾಯೆ ಕಾಣುವುದು ಕಷ್ಟವಲ್ಲ. ಡಯಂಚ, ಸೆಣಬಿನ ಬೀಜವನ್ನು ರೈತ ಸಂಪರ್ಕ ಕೇಂದ್ರಗಳು ಸಹಾಯಧನದಲ್ಲಿ ಕೊಡುತ್ತವೆ. ಬೀಜ ಬಂದ ವರ್ಷ ಹಸಿರೆಲೆ ಗೊಬ್ಬರ ಬೆಳೆಯುತ್ತಾರೆ, ಬಾರದ ವರ್ಷ ಬಿಡುತ್ತಾರೆ. 1974ರ ಭೂಸುಧಾರಣೆ ಗೇಣಿಯನ್ನು ಕಾನೂನಿನಿಂದ ಕಿತ್ತುಹಾಕಿದ ಮೇಲೆ ಉಳಿದದ್ದು ಬಾಯಿಮಾತಿನ, ವರ್ಷದ ಲೆಕ್ಕದ ಗುತ್ತಿಗೆ. ಅಂಥ ನೆಲಕ್ಕೆ ಕೆರೆಗೋಡು ಹೊಡೆಸುವವರು, ಹಸಿರು ಉಳುವವರು ಕಡಿಮೆ. ರೈತರಿಗೆ ಮಣ್ಣಿನ ಅರಿವು ಮೂಡಿಸಬೇಕೆಂಬ ಭಾಷಣ ಎರಡೂ ಕಡೆ ಬೇಕಾದಷ್ಟು ನಡೆದಿದೆ. ಹತ್ತಿ ನಾಡಿನ ಬಟಾಣಿಯ ಇತಿಹಾಸ ಹೇಳುವಂತೆ ಅರಿವಿನ ಕೊರತೆ ಅಲ್ಲಿ ಎಂದೂ ದೊಡ್ಡ ಅಡ್ಡಿಯಾಗಿರಲಿಲ್ಲ. ಫಲ ಬರುವ ವರ್ಷದವರೆಗೆ ಉಳುವವನ ಕೈಯಲ್ಲಿ ನೆಲ ಉಳಿಯುವಂಥ ಕರಾರೂ, ಆ ವರ್ಷದವರೆಗೆ ಬೀಜದ ಖರ್ಚನ್ನು ಹಂಚಿಕೊಳ್ಳುವ ಏರ್ಪಾಟೂ ಒಟ್ಟಿಗೆ ಇಲ್ಲದಿದ್ದರೆ, ಎಂಥ ಒಳ್ಳೆಯ ಹೊದಿಕೆ ಬೆಳೆಯೂ ಸಹಾಯಧನ ನಿಂತ ವರ್ಷವೇ ನಿಲ್ಲುತ್ತದೆ.